ಅತಿಥಿ ಯಂತ್ರದ ಗಡಿಯಾರ

ಗಣಕಯಂತ್ರದೊಳಗಿನ ಗಡಿಯಾರವೆಂದರೆ ಮೂಲತಃ ಒಂದು ಎಣಿಕೆ. ಸಮಾನ ಅಂತರದಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಘಟನೆ, ಅದು ಎಷ್ಟು ಸಲ ನಡೆಯಿತೆಂದು ಲೆಕ್ಕವಿಡುವ ಒಂದು ವ್ಯವಸ್ಥೆ, ಎಣಿಕೆ ಯಾವ ಕ್ಷಣದಿಂದ ಆರಂಭವಾಯಿತೆಂಬ ಒಂದು ಗುರುತು, ಈ ಮೂರೂ ಕೂಡಿದರೆ ಗಡಿಯಾರ ಸಿದ್ಧವಾಗುತ್ತದೆ. ಹಿಂದೆ ಮದುವೆಯ ಮುಹೂರ್ತವನ್ನು ಅಳೆಯಲು ಬಳಸುತ್ತಿದ್ದ ಗಳಿಗೆ ಬಟ್ಟಲು ಇದೇ ತತ್ತ್ವದ ಮೇಲೆ ನಿಂತಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ನಿಧಾನವಾಗಿ ತುಂಬಿಕೊಂಡು 24 ನಿಮಿಷಕ್ಕೆ, ಅಂದರೆ ಒಂದು ಗಳಿಗೆಗೆ, ಮುಳುಗುತ್ತಿತ್ತು. ಕಾವಲು ಕುಳಿತವನು ಅದನ್ನೆತ್ತಿ ನೀರು ಚೆಲ್ಲಿ ಮತ್ತೆ ತೇಲಬಿಟ್ಟು ಲೆಕ್ಕಕ್ಕೆ ಒಂದನ್ನು ಕೂಡಿಸುತ್ತಿದ್ದನು. ಅಂಥ 60 ಗಳಿಗೆಗಳು ಸೇರಿ ಒಂದು ದಿನವಾಗುತ್ತಿತ್ತು. ಬಟ್ಟಲಿನ ತೂತು ಎಷ್ಟೇ ನಿಖರವಾಗಿದ್ದರೂ ಕಾವಲಿನವನು ತೂಕಡಿಸಿದರೆ ಲೆಕ್ಕ ತಪ್ಪುತ್ತಿತ್ತು, ಏಕೆಂದರೆ ಮುಳುಗಿದ ಬಟ್ಟಲು ತಾನು ಮುಳುಗಿ ಎಷ್ಟು ಹೊತ್ತಾಯಿತೆಂದು ಹೇಳಲಾರದು. ಇಂದು ಜಗತ್ತಿನ ಬಹುಪಾಲು ಜಾಲತಾಣಗಳನ್ನೂ ಬ್ಯಾಂಕಿಂಗ್ ಸೇವೆಗಳನ್ನೂ ಹೊತ್ತಿರುವ ವರ್ಚುವಲ್ ಯಂತ್ರಗಳಲ್ಲಿ ಕಾಲದ ಲೆಕ್ಕ ತಪ್ಪುವುದಕ್ಕೂ ಕಾರಣ ಇಂಥದೇ ಒಂದು ತೂಕಡಿಕೆ.

ಹರಳಿನ ಮಿಡಿತ

ಗಣಕಯಂತ್ರದಲ್ಲಿ ಬಟ್ಟಲಿನ ಕೆಲಸ ಮಾಡುವುದು ಕ್ವಾರ್ಟ್ಜ್ ಹರಳು. ವಿದ್ಯುತ್ತಿನ ಪ್ರಚೋದನೆ ಸಿಕ್ಕಾಗ ಈ ಹರಳು ತನ್ನ ಆಕಾರ ಮತ್ತು ಗಾತ್ರಕ್ಕೆ ತಕ್ಕ ನಿಗದಿತ ವೇಗದಲ್ಲಿ ಕಂಪಿಸುತ್ತದೆ. ಕೈಗಡಿಯಾರದಲ್ಲಿಯೂ, ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಬ್ಯಾಟರಿಯ ಬಲದಿಂದ ಹಗಲಿರುಳು ನಡೆಯುವ ಪುಟ್ಟ ಗಡಿಯಾರದಲ್ಲಿಯೂ ಇರುವ ಹರಳನ್ನು ಸೆಕೆಂಡಿಗೆ 32,768 ಬಾರಿ ಕಂಪಿಸುವಂತೆ ಕತ್ತರಿಸಿರುತ್ತಾರೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಉಳಿಯುವುದರಿಂದ, ಸರಳವಾದ ವಿದ್ಯುನ್ಮಂಡಲವೊಂದು ಅದರಿಂದ ಸೆಕೆಂಡಿಗೊಂದು ಮಿಡಿತವನ್ನು ಪಡೆಯಬಲ್ಲದು. ಆದರೆ ಕೋಣೆಯ ಶಾಖ, ಹರಳಿನ ವಯಸ್ಸು, ಕತ್ತರಿಸುವಾಗ ಉಳಿದ ಸೂಕ್ಷ್ಮ ವ್ಯತ್ಯಾಸ ಇವೆಲ್ಲ ಕಂಪನದ ವೇಗವನ್ನು ಅಷ್ಟಿಷ್ಟು ಬದಲಿಸುತ್ತವೆ. ಹತ್ತು ಲಕ್ಷಕ್ಕೆ 20 ಭಾಗದಷ್ಟು ತಪ್ಪುವ ಹರಳು ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ ಸುಮಾರು 52 ಸೆಕೆಂಡ್ ಹಿಂದೆ ಅಥವಾ ಮುಂದೆ ಸರಿಯುತ್ತದೆ. ಗಡಿಯಾರ ಹೀಗೆ ಮೆಲ್ಲನೆ ಸರಿಯುವುದನ್ನು ಅದರ ಅಲೆತ ಎನ್ನಬಹುದು.

ಯಂತ್ರವನ್ನು ಚಾಲೂ ಮಾಡಿದಾಗ ಕಾರ್ಯಾಚರಣ ವ್ಯವಸ್ಥೆಯು ಬ್ಯಾಟರಿಯ ಗಡಿಯಾರವನ್ನು ಒಮ್ಮೆ ನೋಡಿಕೊಂಡು, ಅಲ್ಲಿಂದ ಮುಂದೆ ತನ್ನದೇ ಲೆಕ್ಕವನ್ನು ಆರಂಭಿಸುತ್ತದೆ. ದೀರ್ಘಕಾಲ ಬಳಕೆಯಲ್ಲಿದ್ದ ಪದ್ಧತಿಯಲ್ಲಿ, 1981ರ ಐಬಿಎಂ ಪಿಸಿಯಿಂದಲೂ ಬಂದಿರುವ, ಸೆಕೆಂಡಿಗೆ 11,93,182 ಬಾರಿ ಮಿಡಿಯುವ ಟೈಮರ್ ಚಿಪ್ ಒಂದಕ್ಕೆ ಇಷ್ಟಿಷ್ಟು ಮಿಡಿತಕ್ಕೊಮ್ಮೆ ಎಚ್ಚರಿಸೆಂದು ಕಾರ್ಯಾಚರಣ ವ್ಯವಸ್ಥೆ ಹೇಳಿಟ್ಟಿರುತ್ತದೆ. ಪ್ರೊಸೆಸರ್ ಯಾವುದೇ ಕೆಲಸದಲ್ಲಿರಲಿ, ಅದನ್ನು ಕ್ಷಣಕಾಲ ನಿಲ್ಲಿಸಿ ತನ್ನತ್ತ ಗಮನ ಸೆಳೆಯುವ ಇಂಥ ಸಂಕೇತಕ್ಕೆ ಇಂಟರಪ್ಟ್ ಎಂದೂ, ಕಾಲದ ಲೆಕ್ಕಕ್ಕಾಗಿ ನಿಯಮಿತವಾಗಿ ಬರುವ ಇಂಟರಪ್ಟಿಗೆ ಟಿಕ್ ಎಂದೂ ಹೆಸರು. ಪ್ರತಿ ಟಿಕ್ ಬಂದಾಗಲೂ ಲೆಕ್ಕಕ್ಕೆ ಒಂದು ಕೂಡುತ್ತದೆ. ಲಿನಕ್ಸ್ ವ್ಯವಸ್ಥೆಯು ಸಾಮಾನ್ಯ ಪಿಸಿಗಳಲ್ಲಿ ಮೊದಲು ಸೆಕೆಂಡಿಗೆ 100 ಟಿಕ್‌ಗಳನ್ನು ಬಳಸುತ್ತಿತ್ತು, ಅದರ 2.6ನೆಯ ಆವೃತ್ತಿಯ ಆರಂಭದಲ್ಲಿ ಈ ಸಂಖ್ಯೆ 1,000ಕ್ಕೆ ಏರಿತು. ಈ ಪದ್ಧತಿಯಲ್ಲಿ ಅಡಗಿರುವ ನಂಬಿಕೆಯೊಂದುಂಟು: ಟಿಕ್ ಬಂದಾಗ ಅದನ್ನು ಎಣಿಸಲು ಯಂತ್ರ ಎಚ್ಚರವಾಗಿಯೇ ಇರುತ್ತದೆಂಬ ನಂಬಿಕೆ. ಸ್ವಂತ ಪ್ರೊಸೆಸರ್ ಇರುವ ಯಂತ್ರದಲ್ಲಿ ಅದು ಬಹುಮಟ್ಟಿಗೆ ನಿಜ.

ಯಂತ್ರದೊಳಗಿನ ಯಂತ್ರ

ವರ್ಚುವಲ್ ಯಂತ್ರವೆಂದರೆ ತಂತ್ರಾಂಶದಿಂದ ಕಟ್ಟಿದ ಗಣಕಯಂತ್ರ. ಒಂದು ದೊಡ್ಡ ಸರ್ವರಿನ ಪ್ರೊಸೆಸರ್, ಸ್ಮೃತಿ, ಡಿಸ್ಕುಗಳನ್ನು ಪಾಲು ಮಾಡಿ ಅದರೊಳಗೆ ಹತ್ತಾರು ಬೇರೆ ಬೇರೆ ಯಂತ್ರಗಳಿರುವಂತೆ ತೋರಿಸುವ ಈ ವಿದ್ಯೆಯನ್ನು ಐಬಿಎಂ ಸಂಸ್ಥೆ 1972ರಲ್ಲಿಯೇ ತನ್ನ ದೊಡ್ಡ ಗಣಕಗಳಿಗಾಗಿ ಮಾರುಕಟ್ಟೆಗೆ ತಂದಿತ್ತು. ಸಾಮಾನ್ಯ ಸರ್ವರುಗಳಿಗೆ ಅದು ಇಳಿದುಬಂದದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್, 2003ರಲ್ಲಿ ಹೊರಬಂದ ಝೆನ್, 2007ರಲ್ಲಿ ಲಿನಕ್ಸಿನ ಭಾಗವಾದ ಕೆವಿಎಂ ಮುಂತಾದವುಗಳ ಮೂಲಕ. ನಿಜವಾದ ಸರ್ವರನ್ನು ಆತಿಥೇಯವೆಂದೂ, ಅದರೊಳಗೆ ನಡೆಯುವ ವರ್ಚುವಲ್ ಯಂತ್ರವನ್ನು ಅತಿಥಿಯೆಂದೂ, ಅತಿಥಿಗಳಿಗೆ ಪಾಲು ಹಂಚುವ ತಂತ್ರಾಂಶವನ್ನು ಹೈಪರ್‌ವೈಸರ್ ಎಂದೂ ಕರೆಯುತ್ತಾರೆ. ಅತಿಥಿಗಳ ಸಂಖ್ಯೆ ಪ್ರೊಸೆಸರುಗಳ ಸಂಖ್ಯೆಗಿಂತ ಹೆಚ್ಚಿದ್ದಾಗ ಹೈಪರ್‌ವೈಸರ್ ಒಂದು ಅತಿಥಿಯನ್ನು ಸ್ವಲ್ಪ ಹೊತ್ತು ನಡೆಸಿ, ಅದನ್ನು ನಿಲ್ಲಿಸಿ, ಮತ್ತೊಂದಕ್ಕೆ ಸರದಿ ಕೊಡುತ್ತದೆ. ಅತಿಥಿಯು ತಾನೊಂದು ಪೂರ್ಣ ಯಂತ್ರವೆಂದೇ ತಿಳಿದು ನಡೆಯುವಂತೆ ಇಡೀ ಏರ್ಪಾಡು ರೂಪುಗೊಂಡಿರುವುದರಿಂದ, ತನ್ನನ್ನು ನಿಲ್ಲಿಸಿದ್ದು ಅದರ ಅರಿವಿಗೆ ಬರುವುದಿಲ್ಲ. ನಿಲ್ಲುವ ಮೊದಲಿನ ಆದೇಶಕ್ಕೂ ಮತ್ತೆ ಎದ್ದ ಮೇಲಿನ ಆದೇಶಕ್ಕೂ ನಡುವೆ ಅದರ ಪಾಲಿಗೆ ಬಿರುಕೇ ಇಲ್ಲ.

ಸೆಕೆಂಡಿಗೆ 1,000 ಟಿಕ್ ಎಣಿಸುವ ಅತಿಥಿಯೊಂದು 30 ಮಿಲಿಸೆಕೆಂಡ್ ಕಾಲ ಸರದಿಗಾಗಿ ಕಾದು ಕುಳಿತಿತೆಂದು ಭಾವಿಸಿದರೆ, ಆ ಅವಧಿಯಲ್ಲಿ 30 ಟಿಕ್‌ಗಳು ಬಂದು ಹೋಗಬೇಕು. ಆದರೆ ಇಂಟರಪ್ಟುಗಳನ್ನು ತಲುಪಿಸುವ ಮಂಡಲವು ಒಂದೇ ಬಗೆಯ ಸಂಕೇತವನ್ನು ‘ಬಾಕಿಯಿದೆ’ ಎಂದು ಗುರುತು ಹಾಕಿಕೊಳ್ಳಬಲ್ಲುದೇ ಹೊರತು ಎಷ್ಟು ಬಾಕಿಯಿವೆ ಎಂದು ಎಣಿಸಿಡಲಾರದು. ಹೀಗಾಗಿ ಎದ್ದ ಅತಿಥಿಗೆ ಒಂದು ಟಿಕ್ ಸಿಕ್ಕಿ 29 ಕಳೆದುಹೋಗುತ್ತವೆ. ಇದು ಪ್ರತಿ ಸೆಕೆಂಡಿಗೊಮ್ಮೆ ನಡೆದರೆ ದಿನದ 86,400 ಸೆಕೆಂಡುಗಳಲ್ಲಿ ಸುಮಾರು 2,500 ಸೆಕೆಂಡ್, ಅಂದರೆ 40 ನಿಮಿಷಕ್ಕೂ ಮಿಕ್ಕಿ, ಅತಿಥಿಯ ಲೆಕ್ಕದಿಂದ ಜಾರಿಹೋಗುತ್ತದೆ. ಕೆಟ್ಟ ಹರಳು ತಿಂಗಳಲ್ಲಿ ಮಾಡದ ಹಾನಿಯನ್ನು ಸರದಿಯ ಕಾಯುವಿಕೆ ಒಂದು ಗಂಟೆಯೊಳಗೆ ಮಾಡಬಲ್ಲದು.

ಸಾಲ ತೀರಿಸುವ ಯತ್ನ

ಈ ಕೊರತೆಗೆ ಮೊದಲು ಹೊಳೆದ ಪರಿಹಾರವೆಂದರೆ ಕಳೆದ ಟಿಕ್‌ಗಳನ್ನು ಸಾಲವೆಂದು ಬರೆದಿಟ್ಟುಕೊಂಡು, ಅತಿಥಿ ಎದ್ದೊಡನೆ ಅವನ್ನು ಬೇಗ ಬೇಗನೆ ಕೊಟ್ಟು ತೀರಿಸುವುದು. ಇದರಿಂದ ಸರಾಸರಿಯಲ್ಲಿ ಲೆಕ್ಕ ಸರಿಹೋಗುತ್ತದೆಯಾದರೂ, ಸಾಲ ತೀರುವವರೆಗೆ ಅತಿಥಿಯ ಗಡಿಯಾರ ನಿಜಕಾಲಕ್ಕಿಂತ ಹಿಂದಿದ್ದು, ತೀರುವಾಗ ಅವಸರದಿಂದ ಓಡುತ್ತದೆ. ಆ ನಡುವೆ ಯಾವುದಾದರೂ ಅವಧಿಯನ್ನು ಅಳೆದ ತಂತ್ರಾಂಶಕ್ಕೆ ತಪ್ಪು ಉತ್ತರ ದೊರೆಯುತ್ತದೆ. ಇನ್ನೂ ತೊಡಕಿನ ಸಂಗತಿಯೆಂದರೆ, ಆ ಕಾಲದ ಕೆಲವು ಕಾರ್ಯಾಚರಣ ವ್ಯವಸ್ಥೆಗಳು ಟಿಕ್ ತಪ್ಪಿದೆಯೆಂದು ಬೇರೆ ಮೂಲದಿಂದ ಪತ್ತೆಹಚ್ಚಿ ತಾವೇ ಲೆಕ್ಕವನ್ನು ತುಂಬಿಕೊಳ್ಳುತ್ತಿದ್ದವು. ಒಂದೇ ಸಾಲವನ್ನು ಹೈಪರ್‌ವೈಸರ್ ಒಮ್ಮೆ, ಅತಿಥಿ ಇನ್ನೊಮ್ಮೆ ತೀರಿಸಿದಾಗ, ಹಿಂದೆ ಬೀಳುತ್ತಿದ್ದ ಗಡಿಯಾರ ಮುಂದಕ್ಕೆ ಓಡತೊಡಗಿತು.

ಟಿಕ್‌ಗಳಿಗೆ ತೆರಬೇಕಾದ ಬೆಲೆಯೂ ಸಣ್ಣದಾಗಿರಲಿಲ್ಲ. ಒಂದು ಆತಿಥೇಯದಲ್ಲಿ 20 ಅತಿಥಿಗಳಿದ್ದು ಪ್ರತಿಯೊಂದೂ ಸೆಕೆಂಡಿಗೆ 1,000 ಟಿಕ್ ಕೇಳಿದರೆ, ಅವೆಲ್ಲ ಸುಮ್ಮನೆ ಕುಳಿತಿದ್ದಾಗಲೂ ಹೈಪರ್‌ವೈಸರ್ ಸೆಕೆಂಡಿಗೆ 20,000 ಬಾರಿ ಅವುಗಳನ್ನು ಎಬ್ಬಿಸಬೇಕಾಗುತ್ತದೆ. 2007ರಲ್ಲಿ ಬಂದ ಲಿನಕ್ಸ್ 2.6.21ನೆಯ ಆವೃತ್ತಿಯು ಕೆಲಸವಿಲ್ಲದಾಗ ನಿಯಮಿತ ಟಿಕ್ಕನ್ನೇ ನಿಲ್ಲಿಸಿ, ಮುಂದೆ ಕೆಲಸವಿರುವ ಕ್ಷಣಕ್ಕೆ ಮಾತ್ರ ಎಚ್ಚರಿಸೆಂದು ಟೈಮರಿಗೆ ಹೇಳುವ ಕ್ರಮವನ್ನು ಪಿಸಿಗಳಲ್ಲಿ ತಂದಿತು. ಆ ಬದಲಾವಣೆಯ ಹಿಂದೆ ಒಂದು ಮುಖ್ಯವಾದ ತಿಳಿವಳಿಕೆಯಿತ್ತು: ಎಚ್ಚರವಿದ್ದು ಎಣಿಸುವ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಯಿಂದ ತೆಗೆದು, ತೂಕಡಿಸದ ಯಾವುದಾದರೂ ಯಂತ್ರಾಂಶಕ್ಕೆ ಒಪ್ಪಿಸಿದರೆ, ಬೇಕೆನಿಸಿದಾಗ ಅಲ್ಲಿನ ಸಂಖ್ಯೆಯನ್ನು ಓದಿಕೊಂಡರೆ ಸಾಕು.

ತೂಕಡಿಸದ ಎಣಿಕೆ

ಅಂಥ ಯಂತ್ರಾಂಶವೊಂದು 1993ರ ಪೆಂಟಿಯಂ ಪ್ರೊಸೆಸರಿನಿಂದಲೂ ಇದೆ. ಟಿಎಸ್‌ಸಿ ಎಂದು ಕರೆಯುವ ಈ 64 ಬಿಟ್‌ಗಳ ಎಣಿಕೆಗೂಡು ಪ್ರೊಸೆಸರಿನ ಪ್ರತಿ ಮಿಡಿತಕ್ಕೂ ತಾನಾಗಿಯೇ ಒಂದೊಂದು ಏರುತ್ತ ಹೋಗುತ್ತದೆ. ಅದನ್ನು ಓದಲು ಒಂದೇ ಆದೇಶ ಸಾಕು. ಅತಿಥಿ ನಿಂತಿರಲಿ, ನಡೆದಿರಲಿ, ನಿಜವಾದ ಪ್ರೊಸೆಸರಿನಲ್ಲಿ ಎಣಿಕೆ ಸಾಗುತ್ತಲೇ ಇರುವುದರಿಂದ, ಎದ್ದ ಅತಿಥಿ ಈ ಸಂಖ್ಯೆಯನ್ನು ಓದಿದ ಕೂಡಲೇ ಎಷ್ಟು ಕಾಲ ಕಳೆಯಿತೆಂದು ತಿಳಿದುಕೊಳ್ಳಬಹುದು. ಆದರೆ ಟಿಎಸ್‌ಸಿ ಮೊದಲಿನಿಂದಲೂ ನೆಚ್ಚಿಕೆಗೆ ತಕ್ಕದ್ದಾಗಿರಲಿಲ್ಲ. ವಿದ್ಯುತ್ ಉಳಿಸಲು ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಂಡಾಗ ಎಣಿಕೆಯೂ ನಿಧಾನವಾಗುತ್ತಿತ್ತು. ಗಾಢವಾದ ವಿಶ್ರಾಂತಿಗೆ ಜಾರಿದಾಗ ನಿಂತೇಹೋಗುತ್ತಿತ್ತು. ಎರಡು ಪ್ರೊಸೆಸರುಗಳ ಎಣಿಕೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಪ್ರೊಸೆಸರಿನ ವೇಗ ಏನೇ ಆಗಲಿ ಒಂದೇ ಲಯದಲ್ಲಿ ನಡೆಯುವ ಸ್ಥಿರ ಟಿಎಸ್‌ಸಿ ರೂಢಿಗೆ ಬಂದ ಮೇಲೆಯೇ ಅದು ಗಡಿಯಾರದ ಆಧಾರವಾಗಲು ಅರ್ಹವಾಯಿತು.

ಉಳಿದ ಪ್ರಶ್ನೆಯೆಂದರೆ, ಆ ಸಂಖ್ಯೆಯನ್ನು ಸೆಕೆಂಡುಗಳಿಗೆ ಪರಿವರ್ತಿಸುವ ಅಳತೆಗೋಲು ಅತಿಥಿಗೆ ಎಲ್ಲಿಂದ ಸಿಗಬೇಕು ಎಂಬುದು. ಕೆವಿಎಂ ವ್ಯವಸ್ಥೆಯ ಉತ್ತರವನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಆತಿಥೇಯ ಮತ್ತು ಅತಿಥಿ ಇಬ್ಬರಿಗೂ ಕಾಣುವ ಸ್ಮೃತಿಯ ಪುಟವೊಂದರಲ್ಲಿ, ಅತಿಥಿಯ ಪ್ರತಿಯೊಂದು ಪ್ರೊಸೆಸರಿಗಾಗಿ ಕೇವಲ 32 ಬೈಟುಗಳ ಟಿಪ್ಪಣಿಯೊಂದನ್ನು ಹೈಪರ್‌ವೈಸರ್ ಬರೆದಿಡುತ್ತದೆ. ಟಿಎಸ್‌ಸಿಯ ಎಣಿಕೆ ಇಷ್ಟಿದ್ದಾಗ ಕಾಲ ಇಷ್ಟು ನ್ಯಾನೊಸೆಕೆಂಡ್ ಆಗಿತ್ತು, ಎಣಿಕೆಯನ್ನು ನ್ಯಾನೊಸೆಕೆಂಡಿಗೆ ಪರಿವರ್ತಿಸಲು ಇಂಥ ಸಂಖ್ಯೆಯಿಂದ ಗುಣಿಸಬೇಕು ಎಂಬುದು ಅದರ ತಿರುಳು. ಪ್ರೊಸೆಸರ್ ಸೆಕೆಂಡಿಗೆ 250 ಕೋಟಿ ಬಾರಿ ಮಿಡಿಯುವುದಾದರೆ ಪ್ರತಿ ಎಣಿಕೆಯ ಬೆಲೆ 0.4 ನ್ಯಾನೊಸೆಕೆಂಡ್, ಟಿಪ್ಪಣಿ ಬರೆದ ಮೇಲೆ ಎಣಿಕೆ 50 ಲಕ್ಷದಷ್ಟು ಏರಿದ್ದರೆ 20 ಲಕ್ಷ ನ್ಯಾನೊಸೆಕೆಂಡ್, ಅಂದರೆ 2 ಮಿಲಿಸೆಕೆಂಡ್ ಕಳೆದಿದೆಯೆಂದು ಅತಿಥಿ ಲೆಕ್ಕಹಾಕಿ, ಅದನ್ನು ಬರೆದಿಟ್ಟ ಕಾಲಕ್ಕೆ ಕೂಡಿಸುತ್ತದೆ.

ಈ ಟಿಪ್ಪಣಿಯ ತಲೆಯಲ್ಲಿ ಆವೃತ್ತಿಸಂಖ್ಯೆಯೊಂದಿರುತ್ತದೆ. ಹೈಪರ್‌ವೈಸರ್ ತಿದ್ದಲು ತೊಡಗಿದಾಗ ಆ ಸಂಖ್ಯೆಯನ್ನು ಬೆಸವಾಗಿಸಿ, ತಿದ್ದಿ ಮುಗಿದೊಡನೆ ಸಮವಾಗಿಸುತ್ತದೆ. ಅತಿಥಿಯು ಓದುವ ಮೊದಲೂ ಓದಿದ ಮೇಲೂ ಈ ಸಂಖ್ಯೆಯನ್ನು ನೋಡಿ, ಅದು ಬೆಸವಾಗಿದ್ದರೆ ಅಥವಾ ನಡುವೆ ಬದಲಾಗಿದ್ದರೆ, ಓದಿದ್ದನ್ನು ಬಿಟ್ಟು ಮತ್ತೆ ಮೊದಲಿನಿಂದ ಓದುತ್ತದೆ. ಹೀಗೆ ಹಳೆಯ ಕಾಲವನ್ನು ಹೊಸ ಗುಣಕದೊಡನೆ ಬೆರೆಸುವ ಅಪಾಯ ತಪ್ಪುತ್ತದೆ. ಹೈಪರ್‌ವೈಸರನ್ನು ಪ್ರತಿ ಸಲ ಕರೆದು ಕೇಳುವ ಅಗತ್ಯವಿಲ್ಲದೆ, ಇಬ್ಬರ ನಡುವಣ ಈ ಒಪ್ಪಂದದಿಂದಲೇ ಅತಿಥಿಗೆ ಕಾಲ ತಿಳಿಯುತ್ತದೆ. ಅತಿಥಿಯು ತಾನು ಅತಿಥಿಯೆಂದು ಅರಿತು ಆತಿಥೇಯದ ನೆರವು ಪಡೆಯುವ ಇಂಥ ವಿಧಾನವನ್ನು ಪ್ಯಾರಾವರ್ಚುವಲ್ ಎನ್ನುತ್ತಾರೆ. ಝೆನ್‌ನಲ್ಲಿಯೂ ಮೈಕ್ರೊಸಾಫ್ಟಿನ ಹೈಪರ್-ವಿಯಲ್ಲಿಯೂ ಇದನ್ನೇ ಹೋಲುವ ಏರ್ಪಾಡುಗಳಿವೆ. ತಾನೇ ಪೂರ್ಣ ಯಂತ್ರವೆಂಬ ಭ್ರಮೆಯನ್ನು ಅತಿಥಿ ಕಾಲದ ವಿಷಯದಲ್ಲಿ ಬಿಟ್ಟುಕೊಟ್ಟಾಗಲೇ ಅದರ ಗಡಿಯಾರ ನೆಟ್ಟಗಾಯಿತು.

ನಾಲ್ಕು ಗುರುತುಗಳ ಲೆಕ್ಕ

ಆತಿಥೇಯದ ಹರಳೂ ಅಲೆಯುವಂಥದ್ದೇ ಆದ್ದರಿಂದ ಹೊರಗಿನ ಪ್ರಮಾಣಕ್ಕೆ ಅದನ್ನು ಹೊಂದಿಸುತ್ತಿರಬೇಕು. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಡೇವಿಡ್ ಮಿಲ್ಸ್ ರೂಪಿಸಿದ, 1985ರಲ್ಲಿ ಆ ಹೆಸರಿನಿಂದ ದಾಖಲೆಗೆ ಬಂದ ಎನ್‌ಟಿಪಿ ಎಂಬ ಜಾಲ ನಿಯಮಾವಳಿ ಈ ಕೆಲಸವನ್ನು ಇಂದಿಗೂ ಮಾಡುತ್ತಿದೆ. ಅದರ ಹೃದಯದಲ್ಲಿರುವುದು ನಾಲ್ಕು ಗುರುತುಗಳು: ಪ್ರಶ್ನೆ ಹೊರಟ ಕಾಲ, ಅದು ಸರ್ವರನ್ನು ಮುಟ್ಟಿದ ಕಾಲ, ಉತ್ತರ ಸರ್ವರನ್ನು ಬಿಟ್ಟ ಕಾಲ, ಉತ್ತರ ಮರಳಿ ತಲುಪಿದ ಕಾಲ. ಮೊದಲನೆಯದನ್ನೂ ಕೊನೆಯದನ್ನೂ ಕೇಳುವ ಯಂತ್ರದ ಗಡಿಯಾರ ಹೇಳಿದರೆ, ನಡುವಿನ ಎರಡನ್ನು ಸರ್ವರಿನ ಗಡಿಯಾರ ಹೇಳುತ್ತದೆ.

ಅತಿಥಿಯೊಂದು ತನ್ನ ಗಡಿಯಾರದ ಪ್ರಕಾರ ಸರಿಯಾಗಿ ಹತ್ತು ಗಂಟೆಗೆ ಪ್ರಶ್ನೆ ಕಳಿಸಿತೆಂದೂ, ಸರ್ವರಿನ ಗಡಿಯಾರದ ಪ್ರಕಾರ ಅದು ಹತ್ತು ಗಂಟೆಯಾಗಿ 130 ಮಿಲಿಸೆಕೆಂಡಿಗೆ ತಲುಪಿ, 131ಕ್ಕೆ ಉತ್ತರ ಹೊರಟು, ಅತಿಥಿಯ ಗಡಿಯಾರದ 61ನೆಯ ಮಿಲಿಸೆಕೆಂಡಿನಲ್ಲಿ ಮರಳಿತೆಂದೂ ಭಾವಿಸೋಣ. ಒಟ್ಟು 61ರಲ್ಲಿ ಸರ್ವರ್ ಬಳಸಿದ 1 ಮಿಲಿಸೆಕೆಂಡ್ ಕಳೆದರೆ ಹಾದಿಯಲ್ಲಿ ಹೋಗಿಬರಲು ಹಿಡಿದದ್ದು 60. ಹೋಗುವಾಗ ಕಂಡ ಅಂತರ 130, ಬರುವಾಗ ಕಂಡ ಅಂತರ 70. ಇವುಗಳ ಸರಾಸರಿಯಾದ 100 ಮಿಲಿಸೆಕೆಂಡಿನಷ್ಟು ಅತಿಥಿಯ ಗಡಿಯಾರ ಹಿಂದಿದೆ. ಹೋಗುವ ಹಾದಿಯೂ ಬರುವ ಹಾದಿಯೂ ಸಮಾನವೆಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಈಗ ಉತ್ತರ ಬಂದು ಬಾಗಿಲಲ್ಲಿ ನಿಂತಿರುವಾಗಲೇ ಅತಿಥಿಯ ಸರದಿ ತಪ್ಪಿ, ಅದು 40 ಮಿಲಿಸೆಕೆಂಡ್ ತಡವಾಗಿ ಎದ್ದು ಓದಿತೆನ್ನೋಣ. ನಾಲ್ಕನೆಯ ಗುರುತು 101 ಆಗುತ್ತದೆ. ಲೆಕ್ಕವು 100ರ ಬದಲು 80 ಎಂದು ಹೇಳುತ್ತದೆ. ತೂಕಡಿಕೆಯ ಅರ್ಧದಷ್ಟು ದೋಷ ನೇರವಾಗಿ ಗಡಿಯಾರದೊಳಕ್ಕೆ ಇಳಿಯಿತು. ಆದರೆ ಆ ಸಲದ ಹಾದಿಯ ಕಾಲ 60ರಿಂದ 100ಕ್ಕೆ ಏರಿರುವುದೂ ಕಾಣುತ್ತದೆ. ಆದ್ದರಿಂದಲೇ ಎನ್‌ಟಿಪಿ ಇತ್ತೀಚಿನ ಎಂಟು ಅಳತೆಗಳನ್ನು ಇಟ್ಟುಕೊಂಡು, ಹಾದಿಯ ಕಾಲ ಅತಿ ಕಡಿಮೆಯಿರುವುದನ್ನು ಹೆಚ್ಚು ನಂಬುತ್ತದೆ.

ದೋಷ ತಿಳಿದ ಮೇಲೂ ತಿದ್ದುವುದರಲ್ಲಿ ಸಂಯಮ ಬೇಕು. ಮುಳ್ಳನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸಿದರೆ, ಆಗಲೇ ದಾಖಲಾದ ಘಟನೆಗಳಿಗಿಂತ ಮುಂದೆ ನಡೆಯುವ ಘಟನೆಗಳಿಗೆ ಹಳೆಯ ವೇಳೆ ಬೀಳುತ್ತದೆ. ಹಾಗಾಗಿ ಸಣ್ಣ ವ್ಯತ್ಯಾಸಗಳಿದ್ದಾಗ ಎನ್‌ಟಿಪಿ ಗಡಿಯಾರದ ನಡಿಗೆಯನ್ನು ಹತ್ತು ಲಕ್ಷಕ್ಕೆ ಹೆಚ್ಚೆಂದರೆ 500 ಭಾಗದಷ್ಟು ವೇಗ ಅಥವಾ ನಿಧಾನಗೊಳಿಸಿ ಮೆಲ್ಲನೆ ಸರಿಹೊಂದಿಸುತ್ತದೆ. ಈ ವೇಗದಲ್ಲಿ ಒಂದು ಸೆಕೆಂಡಿನ ತಪ್ಪನ್ನು ತಿದ್ದಲು 2,000 ಸೆಕೆಂಡ್ ಬೇಕು. ಟಿಕ್ ಕಳೆದುಕೊಳ್ಳುವ ಅತಿಥಿಯ ಕೊರತೆ ಹಿಂದಿನ ಉದಾಹರಣೆಯಲ್ಲಿ ಹತ್ತು ಲಕ್ಷಕ್ಕೆ 29,000 ಭಾಗದಷ್ಟಿತ್ತೆಂಬುದನ್ನು ಇಲ್ಲಿ ನೆನೆದರೆ, ಎಣಿಕೆಯನ್ನೇ ಸರಿಪಡಿಸದೆ ಎನ್‌ಟಿಪಿಯೊಂದನ್ನೇ ನೆಚ್ಚಿಕೊಂಡವರು ಏಕೆ ಸೋಲುತ್ತಿದ್ದರೆಂಬುದು ತಿಳಿಯುತ್ತದೆ. ಸೋರುವ ಕೊಡವನ್ನು ಬೊಗಸೆಯಲ್ಲಿ ತುಂಬಲಾಗದು.

ಆತಿಥೇಯದ ಗಡಿಯಾರ ಚೆನ್ನಾಗಿದ್ದರೆ ಅತಿಥಿಯು ಜಾಲದ ಹಾದಿಯನ್ನೇ ಬಿಟ್ಟು ಅದನ್ನು ನೇರವಾಗಿ ಕೇಳಬಹುದು. 2017ರಲ್ಲಿ ಲಿನಕ್ಸ್ 4.11ನೆಯ ಆವೃತ್ತಿಗೆ ಸೇರಿದ ಏರ್ಪಾಡೊಂದು ಆತಿಥೇಯದ ಕಾಲವನ್ನೂ ಅದೇ ಕ್ಷಣದ ಟಿಎಸ್‌ಸಿ ಎಣಿಕೆಯನ್ನೂ ಜೋಡಿಯಾಗಿ ಕೊಡುತ್ತದೆ. ಎಣಿಕೆ ಜೊತೆಗಿರುವುದರಿಂದ ಉತ್ತರ ಪಡೆದ ಮೇಲೆ ಅತಿಥಿ ತೂಕಡಿಸಿದರೂ ನಷ್ಟವಿಲ್ಲ. ಎಷ್ಟು ತಡವಾಯಿತೆಂದು ಎಣಿಕೆಯೇ ಹೇಳುತ್ತದೆ. ಎನ್‌ಟಿಪಿಯ ನಿಯಮಗಳನ್ನೇ ಅನುಸರಿಸುವ, ವರ್ಚುವಲ್ ಯಂತ್ರಗಳ ಏರುಪೇರುಗಳಿಗೂ ಚೆನ್ನಾಗಿ ಒಗ್ಗುವ ಕ್ರೋನಿ ಎಂಬ ತಂತ್ರಾಂಶ ಇದನ್ನು ಆಧಾರವಾಗಿ ಬಳಸಬಲ್ಲದು. ಆದರೆ ತಿದ್ದುವ ಅಧಿಕಾರ ಒಬ್ಬರಿಗೇ ಇರಬೇಕು: ಹೈಪರ್‌ವೈಸರಿನ ಸಹಾಯಕ ತಂತ್ರಾಂಶವೂ ಎನ್‌ಟಿಪಿಯೂ ಒಂದೇ ಗಡಿಯಾರದ ಮೇಲೆ ಕೈಯಿಟ್ಟರೆ ಟಿಕ್‌ಗಳ ಸಾಲವನ್ನು ಎರಡು ಸಲ ತೀರಿಸಿದ ಹಳೆಯ ತಪ್ಪೇ ಮರುಕಳಿಸುತ್ತದೆ.

ನಿಂತ ಯಂತ್ರ, ಮನೆ ಬದಲಿಸಿದ ಯಂತ್ರ

ನಿಜವಾದ ಸರ್ವರಿಗೆ ಸಾಮಾನ್ಯವಾಗಿ ಒದಗದ ಎರಡು ಅನುಭವಗಳು ಅತಿಥಿಗೆ ಒದಗುತ್ತವೆ. ಮೊದಲನೆಯದು, ಅದರ ಇಡೀ ಸ್ಥಿತಿಯನ್ನು ಡಿಸ್ಕಿನ ಮೇಲೆ ಬರೆದಿಟ್ಟು ದಿನಗಳ ನಂತರ ಮತ್ತೆ ಎಬ್ಬಿಸುವುದು. ಶುಕ್ರವಾರ ಸಂಜೆ ಮಲಗಿದ ಯಂತ್ರ ಸೋಮವಾರ ಎದ್ದಾಗ, ಹೈಪರ್‌ವೈಸರ್ ತಿಳಿಸದಿದ್ದರೆ, ಅದರ ಪಾಲಿಗೆ ಇನ್ನೂ ಶುಕ್ರವಾರ ಸಂಜೆಯೇ. ಎನ್‌ಟಿಪಿಯ ಮೂಲ ತಂತ್ರಾಂಶವು ವ್ಯತ್ಯಾಸ 1,000 ಸೆಕೆಂಡ್ ಮೀರಿದ್ದನ್ನು ಕಂಡರೆ ಎಲ್ಲೋ ದೊಡ್ಡ ತಪ್ಪಾಗಿದೆಯೆಂದು ತೀರ್ಮಾನಿಸಿ ಕೆಲಸ ನಿಲ್ಲಿಸಿಬಿಡುತ್ತದೆ. ಹಾಗಾಗಿ ಎಬ್ಬಿಸಿದ ಕ್ಷಣದಲ್ಲಿ ಮಾತ್ರ ಗಡಿಯಾರವನ್ನು ಒಮ್ಮೆಲೇ ಮುಂದಕ್ಕೆ ಇಡುವ ಏರ್ಪಾಡು ಪ್ರತ್ಯೇಕವಾಗಿ ಬೇಕಾಗುತ್ತದೆ.

ಎರಡನೆಯದು, ನಡೆಯುತ್ತಿರುವಾಗಲೇ ಅತಿಥಿಯನ್ನು ಒಂದು ಆತಿಥೇಯದಿಂದ ಇನ್ನೊಂದಕ್ಕೆ ಸಾಗಿಸುವುದು. ಸೆಕೆಂಡಿಗೆ 240 ಕೋಟಿ ಬಾರಿ ಎಣಿಸುವ ಟಿಎಸ್‌ಸಿಯ ಮನೆಯಿಂದ 300 ಕೋಟಿ ಬಾರಿ ಎಣಿಸುವ ಮನೆಗೆ ಬಂದ ಅತಿಥಿ ಹಳೆಯ ಅಳತೆಗೋಲನ್ನೇ ಹಿಡಿದಿದ್ದರೆ, ನಿಜವಾದ ಒಂದು ಗಂಟೆ ಅದಕ್ಕೆ 75 ನಿಮಿಷವಾಗಿ ಕಾಣುತ್ತದೆ. 32 ಬೈಟುಗಳ ಟಿಪ್ಪಣಿಯಲ್ಲಿ ಗುಣಕವನ್ನು ಬರೆದಿಟ್ಟದ್ದರ ಬೆಲೆ ಇಲ್ಲಿ ಅರಿವಾಗುತ್ತದೆ: ಹೊಸ ಮನೆಯ ಹೈಪರ್‌ವೈಸರ್ ಆ ಸಂಖ್ಯೆಯನ್ನು ಬದಲಿಸಿದರೆ ಸಾಕು. ಇತ್ತೀಚಿನ ಪ್ರೊಸೆಸರುಗಳು ಅತಿಥಿಗೆ ಕಾಣುವ ಎಣಿಕೆಯನ್ನೇ ಹಳೆಯ ವೇಗಕ್ಕೆ ಹೊಂದಿಸಿ ತೋರಿಸುವ ಸೌಲಭ್ಯವನ್ನೂ ಪಡೆದಿವೆ.

ಕಾಲ ಸರಿಯಾಗಿ ತಿಳಿದಾಗ ಅತಿಥಿಗೆ ತನ್ನ ತೂಕಡಿಕೆಯೂ ತಿಳಿಯುತ್ತದೆ. 100 ಮಿಲಿಸೆಕೆಂಡ್ ಕಳೆದಿದ್ದು, ಅದರಲ್ಲಿ 40ರಷ್ಟು ಕಾಲ ಕೆಲಸವಿದ್ದೂ ಸರದಿಗಾಗಿ ಕಾದಿದ್ದರೆ, ಆ 40ನ್ನು ‘ಕದ್ದ ಕಾಲ’ವೆಂದು ಹೈಪರ್‌ವೈಸರ್ ವರದಿ ಮಾಡುತ್ತದೆ. ಬಾಡಿಗೆಗೆ ಪಡೆದ ಯಂತ್ರ ನಿಧಾನವಾದಾಗ ದೋಷ ತಂತ್ರಾಂಶದ್ದೋ ಇಕ್ಕಟ್ಟಾದ ಆತಿಥೇಯದ್ದೋ ಎಂಬುದನ್ನು ಬಿಡಿಸಿ ನೋಡಲು ಈ ಒಂದು ಸಂಖ್ಯೆ ನೆರವಾಗುತ್ತದೆ.

ಕಾಲದ ಸಾಕ್ಷ್ಯ

ಇಷ್ಟೆಲ್ಲ ಶ್ರಮ ಏಕೆಂಬುದಕ್ಕೆ ಉತ್ತರ ದೈನಂದಿನ ಕೆಲಸಗಳಲ್ಲಿಯೇ ಇದೆ. ಮೊಬೈಲಿನ ಆ್ಯಪ್ ಒಂದು ತೋರಿಸುವ ಆರಂಕಿಯ ಗುಪ್ತಸಂಖ್ಯೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವಾಗ, ಸರ್ವರಿನ ಗಡಿಯಾರ ನಿಮಿಷಗಳಷ್ಟು ಹಿಂದಿದ್ದರೆ ಸರಿಯಾದ ಸಂಖ್ಯೆಯೂ ತಪ್ಪೆನಿಸಿಕೊಳ್ಳುತ್ತದೆ. ಕಚೇರಿಗಳ ಜಾಲಗಳಲ್ಲಿ ಬಳಕೆದಾರರ ಗುರುತು ಪರೀಕ್ಷಿಸುವ ಕರ್ಬೆರೋಸ್ ಪದ್ಧತಿಯು ರೂಢಿಯಂತೆ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಇವೆಲ್ಲಕ್ಕಿಂತ ಗಂಭೀರವಾದದ್ದು ದಾಖಲೆಗಳ ವಿಷಯ. ಅಕ್ರಮ ಪ್ರವೇಶವೊಂದರ ತನಿಖೆಯಲ್ಲಿ ಯಾವ ಯಂತ್ರ ಮೊದಲು ಕೈಸೇರಿತು, ಅಲ್ಲಿಂದ ಯಾವುದಕ್ಕೆ ದಾರಿಯಾಯಿತು ಎಂಬುದನ್ನು ಹೇಳುವುದು ಹತ್ತಾರು ಯಂತ್ರಗಳ ದಾಖಲೆಗಳಲ್ಲಿರುವ ವೇಳೆಯೇ. ಗಡಿಯಾರಗಳು ಒಂದಕ್ಕೊಂದು ಹೊಂದದಿದ್ದರೆ ಕಾರಣವೂ ಪರಿಣಾಮವೂ ಅದಲುಬದಲಾಗುತ್ತವೆ. ಭಾರತದ ಗಣಕ ತುರ್ತು ಸ್ಪಂದನ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ದೇಶದ ಸೇವಾ ಸಂಸ್ಥೆಗಳೂ ದತ್ತಾಂಶ ಕೇಂದ್ರಗಳೂ ತಮ್ಮ ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರುಗಳಿಗೆ, ಇಲ್ಲವೇ ಅವುಗಳಿಂದ ಕಾಲ ಪಡೆಯುವ ಸರ್ವರುಗಳಿಗೆ ಹೊಂದಿಸಬೇಕೆಂದು ಹೇಳಿರುವುದು ಈ ಹಿನ್ನೆಲೆಯಲ್ಲಿಯೇ. ಬೆಂಗಳೂರಿನ ದತ್ತಾಂಶ ಕೇಂದ್ರವೊಂದರಲ್ಲಿ ನಡೆಯುವ ಅತಿಥಿ ಯಂತ್ರಕ್ಕೂ ಈ ನಿಯಮ ಅನ್ವಯಿಸುತ್ತದೆ.

ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಭಾರತೀಯ ಪ್ರಮಾಣ ಕಾಲವನ್ನು ಪರಮಾಣು ಗಡಿಯಾರಗಳಿಂದ ಕಾಯುತ್ತದೆ. ಸೀಸಿಯಂ ಪರಮಾಣುವಿನ ನಿರ್ದಿಷ್ಟ ವಿಕಿರಣದ 919,26,31,770 ಕಂಪನಗಳ ಅವಧಿಯೇ 1967ರಿಂದ ಸೆಕೆಂಡಿನ ವ್ಯಾಖ್ಯೆಯಾಗಿದೆ. ಅಲ್ಲಿಂದ ಹೊರಟ ಕಾಲ ಒಂದೊಂದೇ ಸರ್ವರನ್ನು ದಾಟಿ, ಆತಿಥೇಯವನ್ನು ತಲುಪಿ, ಕೊನೆಗೆ 32 ಬೈಟುಗಳ ಟಿಪ್ಪಣಿಯ ಮೂಲಕ ಅತಿಥಿಗೆ ಸಿಗುತ್ತದೆ. ಈ ಹಾದಿಯ ಪ್ರತಿ ಮೆಟ್ಟಿಲಿನಲ್ಲಿಯೂ ಸ್ವಲ್ಪ ದೋಷ ಕೂಡುವುದು ಅನಿವಾರ್ಯ. ಎನ್‌ಟಿಪಿಯ ದೊಡ್ಡ ಗುಣವೆಂದರೆ ಕಾಲವನ್ನು ಹೇಳುವ ಪ್ರತಿ ಸರ್ವರೂ ತನ್ನ ಮಾತು ಎಷ್ಟರಮಟ್ಟಿಗೆ ತಪ್ಪಿರಬಹುದೆಂಬ ಅಂದಾಜನ್ನೂ ಜೊತೆಗೆ ಕಳಿಸುವುದು. ಮುಳುಗಿದ ಗಳಿಗೆ ಬಟ್ಟಲಿಗೆ ಹೇಳಲಾಗದಿದ್ದದ್ದು ಇದೊಂದೇ. ತನ್ನ ತೂಕಡಿಕೆಯನ್ನು ತಾನೇ ಕಾಣಲಾರದ ಅತಿಥಿಯು, ತೂಕಡಿಸದ ಎಣಿಕೆಯನ್ನು ಆಧಾರವಾಗಿಟ್ಟುಕೊಂಡು ಹೊರಗಿನ ಪ್ರಮಾಣಕ್ಕೆ ತನ್ನನ್ನು ಹೋಲಿಸುತ್ತ, ತನ್ನಲ್ಲಿ ಉಳಿದಿರಬಹುದಾದ ತಪ್ಪಿನ ಮಿತಿಯನ್ನು ಲೆಕ್ಕವಿಟ್ಟು ಹೇಳಬಲ್ಲುದಾದರೆ, ಅದು ಬರೆದಿಟ್ಟ ವೇಳೆಯನ್ನು ಸಾಕ್ಷ್ಯವೆಂದು ಒಪ್ಪಬಹುದು.